ಮೇಜು ಸಿಕ್ಕಿದವರೇ ಚಾಂಪಿಯನ್

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆಲ್ಲ ಈ ಪುಟ ಗೊತ್ತಿರುತ್ತದೆ. ಎಫ್‌ಡಿಎ ಇರಲಿ, ಪಿಎಸ್‌ಐ ಇರಲಿ, ರೈಲ್ವೆ ಇರಲಿ, ಸಾಮಾನ್ಯ ಜ್ಞಾನದ ಗೈಡಿನಲ್ಲಿ ‘ಕ್ರೀಡಾಪಟುಗಳು ಮತ್ತು ಅವರ ಕ್ರೀಡೆ’ ಎಂಬ ಪಟ್ಟಿ ತಪ್ಪುವುದಿಲ್ಲ. ಅದರಲ್ಲಿ ವಿಲ್ಸನ್ ಜೋನ್ಸ್, ಮೈಕೆಲ್ ಫೆರೇರಾ, ಗೀತ್ ಸೇಥಿ, ಪಂಕಜ್ ಅಡ್ವಾಣಿ ಎಂಬ ನಾಲ್ಕು ಹೆಸರುಗಳ ಎದುರು ಒಂದೇ ಪದ: ಬಿಲಿಯರ್ಡ್ಸ್. ಬಾಯಿಪಾಠ ಮಾಡುತ್ತೇವೆ, ‘ಹೊಂದಿಸಿ ಬರೆಯಿರಿ’ಯಲ್ಲಿ ಒಂದು ಅಂಕ ಗಿಟ್ಟಿಸುತ್ತೇವೆ, ಮುಂದಿನ ಪುಟ ತಿರುವುತ್ತೇವೆ. ಆ ಆಟ ಆಡುವುದು ಹೇಗೆ ಎಂದು ಯಾರಾದರೂ ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಹೊಳಲ್ಕೆರೆ ತಾಲ್ಲೂಕಿನವನಾದ ನಾನೂ ಹೀಗೆಯೇ ಓದಿಕೊಂಡು ಬಂದವನು. ಈ ನಾಲ್ವರೂ ಗೆದ್ದದ್ದು ಯಾವ ಟೂರ್ನಿ ಎಂಬ ಕುತೂಹಲಕ್ಕೆ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಸುಮಾರು ನೂರು ವರ್ಷಗಳ ಕಥೆ. 1926ರಲ್ಲಿ ಲಂಡನ್‌ನಲ್ಲಿ ಹುಟ್ಟಿ, ಕಲ್ಕತ್ತಾ, ಬಾಂಬೆ, ದೆಹಲಿಗಳನ್ನು ಸುತ್ತಿ, 1990ರಲ್ಲಿ ನಮ್ಮ ಬೆಂಗಳೂರಿಗೇ ಬಂದ ವಿಶ್ವ ಬಿಲಿಯರ್ಡ್ಸ್ ಚಾಂಪಿಯನ್‌ಷಿಪ್ ಅದು. 2008 ಮತ್ತು 2016ರಲ್ಲಿ ಮತ್ತೆ ಬಂತು. ಚಿತ್ರದುರ್ಗದಿಂದ ಹೆದ್ದಾರಿ ಹಿಡಿದು ಹಿರಿಯೂರು ದಾಟಿದರೆ ಬೆಂಗಳೂರು ಬೆಳಗಿನ ಒಂದು ಬಸ್ಸಿನ ದಾರಿ. ಹೊಸದುರ್ಗ, ಹೊಳಲ್ಕೆರೆ ಕಡೆಯವರಿಗೆ ಹೊಸದುರ್ಗ ರೋಡ್ ಸ್ಟೇಷನ್‌ನಲ್ಲೋ ಚಿಕ್ಕಜಾಜೂರಿನಲ್ಲೋ ರೈಲು ಸಿಗುತ್ತದೆ. ಇಷ್ಟು ಹತ್ತಿರದಲ್ಲಿ ವಿಶ್ವ ಚಾಂಪಿಯನ್‌ಗಳು ಆಡಿ ಹೋದರೂ ಆ ಆಟ ನಮ್ಮ ಪಾಲಿಗೆ ಗೈಡಿನ ಒಂದು ಸಾಲಾಗಿಯೇ ಉಳಿಯಿತು. ಏಕೆ ಎಂಬುದೇ ನನ್ನ ಪ್ರಶ್ನೆ. ಉತ್ತರ ಆ ಟೂರ್ನಿಯ ಇತಿಹಾಸದಲ್ಲೇ ಇದೆ ಅನಿಸುತ್ತದೆ.

ಕೇರಂ ಗೊತ್ತಿದ್ದರೆ ಅರ್ಧ ಗೊತ್ತಿದ್ದಂತೆ

ಮೊದಲು ಆಟದ ಪರಿಚಯ ಮಾಡಿಕೊಳ್ಳೋಣ. ನಮ್ಮ ಊರುಗಳಲ್ಲಿ ಕೇರಂ ಆಡದ ಹುಡುಗರು ಕಡಿಮೆ. ಕಾಯಿ ನೇರವಾಗಿ ಸಿಗದಿದ್ದಾಗ ಸ್ಟ್ರೈಕರನ್ನು ಎದುರಿನ ಪಟ್ಟಿಗೆ ಬಡಿದು ವಾಪಸ್ ಬರಿಸಿ ಹೊಡೆಯುತ್ತೇವಲ್ಲ, ಬಿಲಿಯರ್ಡ್ಸ್ ಕುಟುಂಬದ ಆಟಗಳಿಗೆಲ್ಲ ಅದೇ ಮೂಲ ವಿದ್ಯೆ. ಮೇಜಿನ ಅಂಚಿಗೆ ರಬ್ಬರ್ ಹಾಕಿ ಬಟ್ಟೆ ಹೊದಿಸಿದ ಪಟ್ಟಿಗೆ ಕುಷನ್ ಎನ್ನುತ್ತಾರೆ. ಹೊಡೆಯುವ ಉದ್ದನೆಯ ಕೋಲು ಕ್ಯೂ.

ಈ ಕುಟುಂಬದ ಅತಿ ಕಷ್ಟದ ಆಟಗಳಲ್ಲಿ ಒಂದು ‘ತ್ರೀ ಕುಷನ್’. ಅದರ ಮೇಜಿಗೆ ಗುಂಡಿಗಳೇ ಇಲ್ಲ. ಇರುವುದು ಮೂರೇ ಚೆಂಡು. ಆಟಗಾರ ಹೊಡೆದ ಚೆಂಡು ಉಳಿದೆರಡನ್ನೂ ಮುಟ್ಟಬೇಕು. ಆದರೆ ಎರಡನೆಯ ಚೆಂಡನ್ನು ಮುಟ್ಟುವುದರೊಳಗೆ ಅದು ಕನಿಷ್ಠ ಮೂರು ಸಲ ಕುಷನ್‌ಗೆ ಬಡಿದಿರಬೇಕು. ಆಗ ಸಿಗುವುದು ಒಂದೇ ಒಂದು ಅಂಕ! ಚೆಂಡು ಸರಾಗವಾಗಿ ಓಡಲೆಂದು ಮೇಜಿನ ಕಲ್ಲನ್ನು ಕೆಳಗಿನಿಂದ ಬೆಚ್ಚಗೆ ಇಡುತ್ತಾರೆ. ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ 1928ರಲ್ಲಿ ಫ್ರಾನ್ಸಿನ ರ‍್ಯಾನ್ಸ್ ನಗರದಲ್ಲಿ ನಡೆಯಿತು. ಗೆದ್ದವರು ಈಜಿಪ್ಟಿನ ಎಡ್ಮಂಡ್ ಸೂಸಾ. ಮುಂದೆ ಬೆಲ್ಜಿಯಂನ ರೇಮಂಡ್ ಕ್ಯೂಲೆಮನ್ಸ್ 1963ರಿಂದ 2001ರ ನಡುವೆ ಇಪ್ಪತ್ತಕ್ಕೂ ಹೆಚ್ಚು ಸಲ ಈ ಪ್ರಶಸ್ತಿ ಗೆದ್ದರು. ಈಗ ಕೊರಿಯಾ, ವಿಯೆಟ್ನಾಂ ಆಟಗಾರರ ಕಾಲ. 2023ರಲ್ಲಿ ಟರ್ಕಿಯ ಅಂಕಾರಾದಲ್ಲಿ ವಿಯೆಟ್ನಾಂನ ಬಾವೊ ಫುವಾಂಗ್ ವಿನ್ಹ್ ವಿಶ್ವ ಚಾಂಪಿಯನ್ ಆದರು. ಆ ಎರಡೂ ದೇಶಗಳಲ್ಲಿ ಬಿಲಿಯರ್ಡ್ಸ್ ಹಾಲ್‌ಗಳು ಸಾಮಾನ್ಯ ಜನರ ಬೀದಿಗಳಲ್ಲೇ ಇವೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಮ್ಮ ದೇಶಕ್ಕೆ ಬಂದದ್ದು ಇಂಗ್ಲಿಷರ ಬಿಲಿಯರ್ಡ್ಸ್. ಇಲ್ಲೂ ಮೂರೇ ಚೆಂಡು: ಒಂದು ಬಿಳಿ, ಒಂದು ಹಳದಿ, ಒಂದು ಕೆಂಪು. ಆದರೆ ಮೇಜಿಗೆ ಆರು ಗುಂಡಿಗಳಿವೆ. ಅಂಕ ಗಳಿಸಲು ಮೂರು ದಾರಿ. ನಮ್ಮ ಚೆಂಡು ಉಳಿದೆರಡನ್ನೂ ಮುಟ್ಟಿದರೆ ಅದು ಕ್ಯಾನನ್, 2 ಅಂಕ. ಬೇರೆ ಚೆಂಡನ್ನು ಗುಂಡಿಗೆ ಬೀಳಿಸಿದರೆ ಪಾಟ್. ಬೇರೆ ಚೆಂಡಿಗೆ ತಾಗಿ ನಮ್ಮ ಚೆಂಡೇ ಗುಂಡಿಗೆ ಬಿದ್ದರೆ ಇನ್-ಆಫ್. ಈ ಎರಡರಲ್ಲೂ ಕೆಂಪಾದರೆ 3, ಇಲ್ಲದಿದ್ದರೆ 2 ಅಂಕ. ಕೇರಂನಲ್ಲಿ ಸ್ಟ್ರೈಕರ್ ಗುಂಡಿಗೆ ಬಿದ್ದರೆ ದಂಡ, ಇಲ್ಲಿ ಬಹುಮಾನ! ಅಂಕ ಬರುತ್ತಿರುವಷ್ಟು ಹೊತ್ತೂ ಸರದಿ ನಮ್ಮದೇ. ಹೀಗೆ ಒಂದೇ ಸರದಿಯಲ್ಲಿ ಕೂಡಿಸಿದ ಅಂಕಗಳಿಗೆ ಬ್ರೇಕ್ ಎನ್ನುತ್ತಾರೆ. ಒಳ್ಳೆಯ ಆಟಗಾರ ಮೇಜು ಬಿಡದೆ ನೂರಾರು ಅಂಕ ಗಳಿಸುವಾಗ ಎದುರಾಳಿ ಕುರ್ಚಿಯಲ್ಲಿ ಕೈಕಟ್ಟಿ ಕೂತು ನೋಡಬೇಕು.

ಮೇಜು 12 ಅಡಿ ಉದ್ದ, 6 ಅಡಿ ಅಗಲ. ಹಸಿರು ಬಟ್ಟೆಯ ಕೆಳಗೆ ಮರದ ಹಲಗೆ ಇರುವುದಿಲ್ಲ, ಸ್ಲೇಟು ಕಲ್ಲಿನ ಐದು ದಪ್ಪ ಚಪ್ಪಡಿಗಳಿರುತ್ತವೆ. ನಾವು ಒಂದನೇ ಕ್ಲಾಸಿನಲ್ಲಿ ಬಳಪ ಹಿಡಿದು ಬರೆಯುತ್ತಿದ್ದ ಸ್ಲೇಟಿನ ಜಾತಿಯ ಕಲ್ಲು. ಎಲ್ಲ ಸೇರಿ ಒಂದು ಟನ್‌ಗೂ ಹೆಚ್ಚು ತೂಕ. ಬೆಲೆ ಲಕ್ಷಗಳಲ್ಲಿ. ಕ್ರಿಕೆಟ್‌ಗಾದರೆ ಗದ್ದೆಯ ಬಯಲು ಸಾಕು, ಕಬಡ್ಡಿಗೆ ಮಣ್ಣು ಸಾಕು. ಈ ಆಟಕ್ಕೆ ಮೇಜು, ಮೇಜಿಗೊಂದು ದೊಡ್ಡ ಕೋಣೆ, ಕೋಣೆಗೊಂದು ಬಾಗಿಲು ಬೇಕು. ಆ ಬಾಗಿಲೊಳಗೆ ಯಾರನ್ನು ಬಿಟ್ಟರು ಎಂಬುದೇ ಈ ಟೂರ್ನಿಯ ಇತಿಹಾಸ.

ದೊರೆಗಳ ಆಟ, ಮಾರ್ಕರ್‌ಗಳ ಕಣ್ಣು

1926ರಲ್ಲಿ ಲಂಡನ್‌ನಲ್ಲಿ ಮೊದಲ ಟೂರ್ನಿ ನಡೆದಾಗ ಅದಕ್ಕೆ ‘ವಿಶ್ವ’ ಎಂಬ ಹೆಸರಿರಲಿಲ್ಲ. ಬ್ರಿಟಿಷ್ ಸಾಮ್ರಾಜ್ಯದ ಹವ್ಯಾಸಿ ಚಾಂಪಿಯನ್‌ಷಿಪ್ ಎಂದೇ ಕರೆದರು. ಗೆದ್ದವರು ಇಂಗ್ಲೆಂಡಿನ ಜೋ ಅರ್ಲಾಮ್. ನಂತರದ ವರ್ಷಗಳಲ್ಲಿ ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾದವರೂ ಗೆದ್ದರು. ಆಸ್ಟ್ರೇಲಿಯಾದ ಬಾಬ್ ಮಾರ್ಷಲ್ 1936ರಲ್ಲಿ ಮೊದಲ ಸಲ ಗೆದ್ದರು, ಒಟ್ಟು ನಾಲ್ಕು ಸಲ ಪ್ರಶಸ್ತಿ ಪಡೆದರು. ಈ ಹೆಸರು ಇನ್ನೊಮ್ಮೆ ಬರುತ್ತದೆ.

ಭಾರತದಲ್ಲಿ ಆಗ ಮೇಜುಗಳಿದ್ದದ್ದು ದಂಡಿನ ಪ್ರದೇಶದ ಮೆಸ್‌ಗಳಲ್ಲಿ, ದೊರೆಗಳ ಕ್ಲಬ್ಬುಗಳಲ್ಲಿ, ಮಹಾರಾಜರ ಅರಮನೆಗಳಲ್ಲಿ. ಸ್ನೂಕರ್ ಆಟವಂತೂ ಹುಟ್ಟಿದ್ದೇ ನಮ್ಮ ದೇಶದಲ್ಲಿ. 1875ರಲ್ಲಿ ಜಬಲ್‌ಪುರದ ಸೇನಾ ಮೆಸ್‌ನಲ್ಲಿ ನೆವಿಲ್ ಚೇಂಬರ್ಲಿನ್ ಎಂಬ ಯುವ ಅಧಿಕಾರಿ ಬಣ್ಣದ ಚೆಂಡುಗಳನ್ನು ಸೇರಿಸಿ ಆಡಿದ್ದು ಅದರ ಆರಂಭ. ಮುಂದೆ ನಿಯಮಗಳು ಗಟ್ಟಿಯಾದದ್ದು ಪಕ್ಕದ ಊಟಿಯ ಕ್ಲಬ್ಬಿನಲ್ಲಿ. ಬೆಂಗಳೂರಿನಲ್ಲೂ 1868ರಲ್ಲೇ ದಂಡಿನ ಅಧಿಕಾರಿಗಳ ಕ್ಲಬ್ ಬಂತು. ಅದೇ ಇಂದಿನ ಬೆಂಗಳೂರು ಕ್ಲಬ್. ಭಾರತೀಯರಿಗೂ ಒಂದು ಕ್ಲಬ್ ಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಸೆಂಚುರಿ ಕ್ಲಬ್ ಕಟ್ಟಿದರು. ಬಾಗಿಲು ತೆರೆಯದಿದ್ದರೆ ಬೇರೆ ಮನೆಯನ್ನೇ ಕಟ್ಟುವುದು ವಿಶ್ವೇಶ್ವರಯ್ಯನವರ ರೀತಿ.

ಈ ಕ್ಲಬ್ಬುಗಳಲ್ಲಿ ಒಬ್ಬ ಭಾರತೀಯ ಮಾತ್ರ ದಿನವೂ ಮೇಜಿನ ಪಕ್ಕದಲ್ಲೇ ಇರುತ್ತಿದ್ದ. ಅವನು ಮಾರ್ಕರ್. ಅಂಕ ಬರೆಯುವುದು, ಚೆಂಡು ಒರೆಸಿಡುವುದು, ಬಟ್ಟೆಗೆ ಬ್ರಷ್ ಹಾಕುವುದು, ಜೊತೆಗಾರ ಇಲ್ಲದ ದೊರೆಗೆ ಎದುರು ನಿಂತು ಆಡುವುದು ಅವನ ಕೆಲಸ. ವರ್ಷಗಟ್ಟಲೆ ನೋಡಿ ನೋಡಿ ಆಟ ಕಲಿತವನು. ಆದರೆ ಟೂರ್ನಿಗೆ ಹೆಸರು ಕೊಡುವ ಸ್ಥಾನ ಅವನದಲ್ಲ. ಎಷ್ಟು ಮಂದಿ ಮಾರ್ಕರ್‌ಗಳು ಚಾಂಪಿಯನ್ ಆಗಬಹುದಿತ್ತೋ ಲೆಕ್ಕ ಇಟ್ಟವರಿಲ್ಲ.

ಕಲ್ಕತ್ತಾದಲ್ಲಿ ತಿರುಗಿದ ಆಟ

ಸ್ವಾತಂತ್ರ್ಯ ಬಂದ ಮೇಲೆ ಟೂರ್ನಿಯೂ ಬದಲಾಯಿತು. 1951ರಿಂದ ಅದಕ್ಕೆ ವಿಶ್ವ ಹವ್ಯಾಸಿ ಚಾಂಪಿಯನ್‌ಷಿಪ್ ಎಂಬ ಹೆಸರು. ಮರುವರ್ಷವೇ ಅದು ಕಲ್ಕತ್ತಾಕ್ಕೆ ಬಂತು. ಆಗ ಗೆದ್ದವರು ಇಂಗ್ಲೆಂಡಿನ ಲೆಸ್ಲಿ ಡ್ರಿಫೀಲ್ಡ್. 1958ರಲ್ಲಿ ಮತ್ತೆ ಕಲ್ಕತ್ತಾ. ಈ ಸಲ ಗೆದ್ದವರು ಪುಣೆಯಲ್ಲಿ ಹುಟ್ಟಿದ ವಿಲ್ಸನ್ ಜೋನ್ಸ್. ಯಾವುದೇ ಕ್ರೀಡೆಯ ವೈಯಕ್ತಿಕ ವಿಭಾಗದಲ್ಲಿ ವಿಶ್ವ ಚಾಂಪಿಯನ್ ಆದ ಮೊದಲ ಭಾರತೀಯ ಅವರು. ಗಮನಿಸಿ: ಚೆಸ್ ಅಲ್ಲ, ಬ್ಯಾಡ್ಮಿಂಟನ್ ಅಲ್ಲ, ಕುಸ್ತಿಯೂ ಅಲ್ಲ, ಬಿಲಿಯರ್ಡ್ಸ್. ಸ್ವಾತಂತ್ರ್ಯ ಬಂದು ಹನ್ನೊಂದೇ ವರ್ಷ. ದೊರೆಗಳ ಕೋಣೆಯಲ್ಲಿದ್ದ ಮೇಜಿನ ಮೇಲೆ, ದೊರೆಗಳದೇ ಆಟದಲ್ಲಿ ನಮ್ಮವರು ಗೆದ್ದಿದ್ದರು. 1964ರಲ್ಲಿ ನ್ಯೂಜಿಲೆಂಡ್‌ನಲ್ಲಿ ಜೋನ್ಸ್ ಮತ್ತೆ ಗೆದ್ದರು. ರಾಷ್ಟ್ರೀಯ ಪ್ರಶಸ್ತಿಯನ್ನು 12 ಸಲ ಪಡೆದರು. ಮುಂದೆ ಕೋಚ್ ಆಗಿ ದ್ರೋಣಾಚಾರ್ಯ ಪ್ರಶಸ್ತಿಯೂ ಬಂತು.

1973ರಲ್ಲಿ ಟೂರ್ನಿ ಬಾಂಬೆಗೆ ಬಂದಾಗ ಗೆದ್ದವರು ಶ್ರೀಲಂಕಾದ ಎಂ.ಜೆ.ಎಂ. ಲಾಫೀರ್. ಆ ಪುಟ್ಟ ದೇಶಕ್ಕೆ ಅದು ಯಾವುದೇ ಕ್ರೀಡೆಯಲ್ಲಿ ಸಿಕ್ಕ ಮೊದಲ ವಿಶ್ವ ಪ್ರಶಸ್ತಿ. ಇದೇ ಹೊತ್ತಿಗೆ ಆಡಳಿತವೂ ಕೈ ಬದಲಾಯಿತು. ಬ್ರಿಟನ್ನಿನ ಸಂಸ್ಥೆಯೊಂದೇ ಎಲ್ಲವನ್ನೂ ತೀರ್ಮಾನಿಸುವುದು ಬೇಡವೆಂದು ಹಲವು ದೇಶಗಳು ಒಟ್ಟಾಗಿ 1970ರ ದಶಕದ ಆರಂಭದಲ್ಲಿ ತಮ್ಮದೇ ಮಂಡಳಿ ಕಟ್ಟಿಕೊಂಡವು. ಇಂದಿನ ಅಂತರರಾಷ್ಟ್ರೀಯ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಫೆಡರೇಷನ್, ಅಂದರೆ ಐಬಿಎಸ್‌ಎಫ್, ಬೆಳೆದದ್ದು ಅಲ್ಲಿಂದ.

ಆಮೇಲೆ ಬಾಂಬೆಯ ಮೈಕೆಲ್ ಫೆರೇರಾ 1977, 1981 ಮತ್ತು 1983ರಲ್ಲಿ ಗೆದ್ದರು. ಅವರದೊಂದು ಪ್ರಸಂಗ ನನಗೆ ಬಹಳ ಇಷ್ಟ. 1981ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾದಾಗ ಬೇಡವೆಂದರು. ಕ್ರಿಕೆಟ್ ಆಟಗಾರ ಸುನಿಲ್ ಗವಾಸ್ಕರ್ ಅವರಿಗೆ ಪದ್ಮಭೂಷಣ ಕೊಟ್ಟಿರುವಾಗ ವಿಶ್ವ ಚಾಂಪಿಯನ್ ಆದ ತಮಗೆ ಅದಕ್ಕಿಂತ ಕಡಿಮೆ ಏಕೆ ಎಂಬುದು ಅವರ ವಾದ. 1983ರಲ್ಲಿ ಅವರಿಗೂ ಪದ್ಮಭೂಷಣ ಬಂತು. ಕ್ರಿಕೆಟ್ ಬಿಟ್ಟು ಬೇರೆ ಆಟ ಆಡುವವರ ಹೊಟ್ಟೆಯುರಿಯನ್ನು ಒಬ್ಬರಾದರೂ ಬಾಯಿಬಿಟ್ಟು ಹೇಳಿದರಲ್ಲ ಎಂದು ಖುಷಿಯಾಗುತ್ತದೆ.

1985ರ ದೆಹಲಿ ಫೈನಲ್ ಇನ್ನೂ ಸ್ವಾರಸ್ಯ. ಒಂದು ಕಡೆ ಇಪ್ಪತ್ತನಾಲ್ಕರ ಆಸುಪಾಸಿನ ಗೀತ್ ಸೇಥಿ. ಇನ್ನೊಂದು ಕಡೆ ಎಪ್ಪತ್ತು ದಾಟಿದ ಬಾಬ್ ಮಾರ್ಷಲ್! 1936ರಲ್ಲಿ ಮೊದಲ ಸಲ ಗೆದ್ದ ಅದೇ ಮಾರ್ಷಲ್, ಅರ್ಧ ಶತಮಾನದ ನಂತರ ಮತ್ತೆ ಫೈನಲ್‌ನಲ್ಲಿ. ಎಂಟು ಗಂಟೆಗಳ ಆಟದಲ್ಲಿ ಸೇಥಿ ಗೆದ್ದರು. ಮೂವತ್ತು ದಾಟಿದರೆ ಎಲ್ಲ ಮುಗಿಯಿತೆಂದು ವಯೋಮಿತಿಯ ಕಾಲಂ ನೋಡಿ ನಿಟ್ಟುಸಿರು ಬಿಡುವ ನಮ್ಮಂಥವರಿಗೆ ಆ ಫೈನಲ್ ಒಳ್ಳೆಯ ಔಷಧ.

ಬೆಂಗಳೂರಿನ ಸರದಿ

1990ರಲ್ಲಿ ಟೂರ್ನಿ ಬೆಂಗಳೂರಿಗೆ ಬಂತು. ಗೆದ್ದವರು ಕಲ್ಕತ್ತಾದ ಮನೋಜ್ ಕೊಠಾರಿ. ಅವರ ಮಗ ಸೌರವ್ ಕೊಠಾರಿ 2018ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ವಿಶ್ವ ಪ್ರಶಸ್ತಿ ಪಡೆದರು. 2025ರಲ್ಲಿ ಐರ್ಲೆಂಡಿನಲ್ಲಿ ನಡೆದ ಐಬಿಎಸ್‌ಎಫ್ ಟೂರ್ನಿಯ ಫೈನಲ್‌ನಲ್ಲಿ ಪಂಕಜ್ ಅಡ್ವಾಣಿಯವರನ್ನೇ ಸೋಲಿಸಿದರು. ತಂದೆಯೂ ಮಗನೂ ವಿಶ್ವ ಚಾಂಪಿಯನ್‌ಗಳು. ಮೇಜು ಮನೆಯ ಹತ್ತಿರ ಇದ್ದರೆ ವಿದ್ಯೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹೇಗೆ ಇಳಿಯುತ್ತದೆ ನೋಡಿ.

1990ರ ಆ ಹೊತ್ತಿಗೆ ಕುವೈತ್‌ನಲ್ಲಿ ಯುದ್ಧದ ಗಲಾಟೆ. ಅಲ್ಲಿದ್ದ ಒಂದು ಭಾರತೀಯ ಕುಟುಂಬ ಎಲ್ಲ ಬಿಟ್ಟು ಬಂದು ಬೆಂಗಳೂರಿನಲ್ಲಿ ನೆಲೆಸಿತು. ಕೆಲವೇ ವರ್ಷಗಳಲ್ಲಿ ಮನೆಯ ಯಜಮಾನ ತೀರಿಕೊಂಡರು. ತಾಯಿ, ಇಬ್ಬರು ಗಂಡುಮಕ್ಕಳು. ದೊಡ್ಡವನು ಶ್ರೀ ಮನೆಯ ಹತ್ತಿರದ ಸ್ನೂಕರ್ ಪಾರ್ಲರ್‌ಗೆ ಹೋಗುತ್ತಿದ್ದ. ಹತ್ತರ ಆಸುಪಾಸಿನ ಚಿಕ್ಕವನೂ ಹಿಂದೆಯೇ ಹೋಗಿ ನೋಡುತ್ತಾ ನಿಲ್ಲುತ್ತಿದ್ದ. ಆ ಚಿಕ್ಕವನೇ ಪಂಕಜ್ ಅಡ್ವಾಣಿ. ಕರ್ನಾಟಕದ ಹಿರಿಯ ಆಟಗಾರ, ಮಾಜಿ ರಾಷ್ಟ್ರೀಯ ಸ್ನೂಕರ್ ಚಾಂಪಿಯನ್ ಅರವಿಂದ್ ಸವೂರ್ ಅವರ ಕೈಯಲ್ಲಿ ಆಟ ಪಕ್ವವಾಯಿತು. ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಮೇಜುಗಳು ಸಿಕ್ಕವು. 2003ರಲ್ಲಿ, ಹದಿನೆಂಟನೇ ವಯಸ್ಸಿಗೆ, ಚೀನಾದಲ್ಲಿ ವಿಶ್ವ ಸ್ನೂಕರ್ ಪ್ರಶಸ್ತಿ ಬಂತು. ಆಡುತ್ತಲೇ ಬೆಂಗಳೂರಿನಲ್ಲಿ ಬಿ.ಕಾಂ. ಮುಗಿಸಿದರು.

ವಿಶ್ವ ಬಿಲಿಯರ್ಡ್ಸ್ ಈಗ ಎರಡು ಮಾದರಿಯಲ್ಲಿ ನಡೆಯುತ್ತದೆ. ಪಾಯಿಂಟ್ ಮಾದರಿಯಲ್ಲಿ ಮೊದಲು 150 ಅಂಕ ಮುಟ್ಟಿದವರಿಗೆ ಒಂದು ಗೇಮ್. ಸಮಯ ಮಾದರಿಯಲ್ಲಿ ಗೊತ್ತುಪಡಿಸಿದ ಹೊತ್ತಿನೊಳಗೆ ಹೆಚ್ಚು ಅಂಕ ಗಳಿಸಿದವರೇ ವಿಜೇತರು. ಮೊದಲನೆಯದು ಇಪ್ಪತ್ತು ಓವರ್ ಕ್ರಿಕೆಟ್‌ನಂತೆ, ಎರಡನೆಯದು ಟೆಸ್ಟ್‌ನಂತೆ ಎಂದುಕೊಳ್ಳಿ. 2005ರಲ್ಲಿ ಮಾಲ್ಟಾದಲ್ಲಿ ಅಡ್ವಾಣಿ ಎರಡನ್ನೂ ಒಟ್ಟಿಗೆ ಗೆದ್ದರು. 2008ರಲ್ಲಿ ಬೆಂಗಳೂರಿನಲ್ಲಿ, ತಾವು ಬೆಳೆದ ಊರಿನಲ್ಲೇ, ಮತ್ತೆ ಎರಡನ್ನೂ ಗೆದ್ದರು. 2016ರಲ್ಲಿ ಬೆಂಗಳೂರಿನಲ್ಲಿ ನಡೆದ ಇನ್ನೊಂದು ಫೈನಲ್‌ನಲ್ಲಿ ಸಿಂಗಪುರದ ಪೀಟರ್ ಗಿಲ್‌ಕ್ರಿಸ್ಟ್ ಅವರನ್ನು ಮಣಿಸಿದರು. 2024ರ ದೋಹಾ ಗೆಲುವಿನೊಂದಿಗೆ ಬಿಲಿಯರ್ಡ್ಸ್, ಸ್ನೂಕರ್ ಎರಡೂ ಸೇರಿ ಅವರ ವಿಶ್ವ ಪ್ರಶಸ್ತಿಗಳ ಸಂಖ್ಯೆ 28ಕ್ಕೇರಿತು. ಖೇಲ್ ರತ್ನ, ಪದ್ಮಶ್ರೀ, ಪದ್ಮಭೂಷಣ ಎಲ್ಲ ಬಂದಿವೆ.

ಈ ನಡುವೆ 2011 ಮತ್ತು 2014ರಲ್ಲಿ ವಿಶ್ವ ಸ್ನೂಕರ್ ಟೂರ್ನಿಯೂ ಬೆಂಗಳೂರಿನಲ್ಲೇ ನಡೆಯಿತು. ಮೊದಲನೆಯದನ್ನು ಇರಾನಿನ ಹದಿಹರೆಯದ ಹುಸೇನ್ ವಫಾಯಿ ಗೆದ್ದರು. ಎರಡನೆಯದನ್ನು ಗೆದ್ದ ಚೀನಾದ ಯಾನ್ ಬಿಂಗ್‌ಟಾವೊಗೆ ಆಗ ಬರೀ 14 ವರ್ಷ. ನಮ್ಮಲ್ಲಾದರೆ ಎಂಟನೇ, ಒಂಬತ್ತನೇ ಕ್ಲಾಸಿನ ಹುಡುಗ.

ಟೈಪಿಸ್ಟ್ ಅಕ್ಕನ ವಿಶ್ವ ಪ್ರಶಸ್ತಿ

ಇಷ್ಟು ಹೊತ್ತು ಹೇಳಿದ್ದರಲ್ಲಿ ಹೆಣ್ಣುಮಕ್ಕಳ ಹೆಸರೇ ಇಲ್ಲ. ಆ ಬಾಗಿಲು ತೆರೆದದ್ದು ತೀರಾ ತಡವಾಗಿ. ತೆರೆದ ಮೇಲೆ ಕರ್ನಾಟಕದವರು ಹಿಂದೆ ಬೀಳಲಿಲ್ಲ. ಬೆಂಗಳೂರಿನ ಚಿತ್ರಾ ಮಗಿಮೈರಾಜ್ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿ ಗೆದ್ದರು. ಆದರೆ ಕೆಲಸ ಹುಡುಕುವ ನಮ್ಮಂಥವರು ತಿಳಿಯಲೇಬೇಕಾದ ಹೆಸರು ಆರ್. ಉಮಾದೇವಿ ನಾಗರಾಜ್.

ಉಮಾದೇವಿಯವರು ರಾಜ್ಯ ಸರ್ಕಾರದ ತೋಟಗಾರಿಕೆ ಇಲಾಖೆಯಲ್ಲಿ ಬೆರಳಚ್ಚುಗಾರ್ತಿಯಾಗಿದ್ದರು. ಸರ್ಕಾರಿ ನೌಕರರಿಗೆ ಕಬ್ಬನ್ ಪಾರ್ಕ್‌ನಲ್ಲಿ ಸಚಿವಾಲಯ ಕ್ಲಬ್ ಇದೆ. 1990ರ ದಶಕದ ನಡುವಿನಲ್ಲಿ ಅವರು ಅಲ್ಲಿಗೆ ಟೇಬಲ್ ಟೆನಿಸ್ ಆಡಲು ಹೋಗುತ್ತಿದ್ದರು. ಟೇಬಲ್ ಟೆನಿಸ್ ಮೇಜು ಖಾಲಿ ಇಲ್ಲದಾಗ ಪಕ್ಕದ ಬಿಲಿಯರ್ಡ್ಸ್ ಮೇಜಿನ ಕಡೆ ಹೋದರು. ಆಗ ಅವರ ವಯಸ್ಸು ಮೂವತ್ತರ ಆಸುಪಾಸು. ಕ್ಯೂ ಹಿಡಿದದ್ದೇ ಆಗ. 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಚಾಂಪಿಯನ್ ಆದರು.

ಈ ಕಥೆಯನ್ನು ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ. ಅವರಿಗೆ ದೊಡ್ಡ ಅಕಾಡೆಮಿ ಇರಲಿಲ್ಲ, ಆಟಕ್ಕೆಂದೇ ಬೆಳೆಸಿದ ಬಾಲ್ಯವೂ ಇರಲಿಲ್ಲ. ಇದ್ದದ್ದು ಒಂದು ಸರ್ಕಾರಿ ಕೆಲಸ, ಸಂಜೆಯ ಒಂದೆರಡು ಗಂಟೆ, ನೌಕರಳಾಗಿ ಒಳಗೆ ಹೋಗಲು ಹಕ್ಕಿದ್ದ ಒಂದು ಕೋಣೆ, ಆ ಕೋಣೆಯಲ್ಲೊಂದು ಮೇಜು. ತೋಟಗಾರಿಕೆ ಇಲಾಖೆಯ ಕಚೇರಿ ನಮ್ಮ ಹೊಸದುರ್ಗದಲ್ಲೂ ಇದೆ, ಹಿರಿಯೂರಿನಲ್ಲೂ ಇದೆ. ಅಲ್ಲೂ ಟೈಪ್ ಮಾಡುವ ಅಕ್ಕಂದಿರು, ಅಣ್ಣಂದಿರು ಇದ್ದಾರೆ. ಅವರಲ್ಲಿ ಒಬ್ಬ ಉಮಾದೇವಿ ಇದ್ದರೂ ನಮಗೆ ಗೊತ್ತಾಗುವ ದಾರಿ ಇಲ್ಲ.

‘ಅಲ್ಲಿಗೆ ಹೋಗೋರು ಓದೋ ಹುಡುಗ್ರಲ್ಲ’

ನಮ್ಮ ಕಡೆ ಸ್ನೂಕರ್, ಪೂಲ್ ಎಂಬ ಬೋರ್ಡು ಕಂಡರೆ ಹಿರಿಯರ ಮುಖ ಬದಲಾಗುತ್ತದೆ. ನಾನು ಈ ಲೇಖನ ಬರೆಯುತ್ತಿದ್ದೇನೆ ಎಂದಾಗ ಅಮ್ಮ ಅಂದದ್ದು ಇಷ್ಟು: “ಅಲ್ಲಿಗೆ ಹೋಗೋರು ಓದೋ ಹುಡುಗ್ರಲ್ಲ ಕಣಪ್ಪಾ. ಬೀಡಿ, ಸಿಗರೇಟು, ಬೆಟ್ಟಿಂಗು... ನೀನು ಬರಿಯೋದು ಬರಿ, ಹೋಗೋದು ಬ್ಯಾಡ.” ಅಮ್ಮನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಹಣ ಕಟ್ಟಿ ಆಡುವುದು, ಕ್ಲಾಸ್ ತಪ್ಪಿಸಿ ದಿನವಿಡೀ ಅಲ್ಲೇ ಇರುವುದು ಎಷ್ಟೋ ಕಡೆ ಉಂಟು. ಗಂಟೆ ಲೆಕ್ಕದ ಬಾಡಿಗೆಯೂ ನಮ್ಮ ಜೇಬಿಗೆ ಭಾರವೇ. ಒಂದು ಹುಡುಗಿಯಂತೂ ಒಳಗೆ ಕಾಲಿಡುವುದು ದೂರದ ಮಾತು.

ಆದರೆ ಅಡ್ವಾಣಿ ಮೊದಲು ನಿಂತು ನೋಡಿದ್ದೂ ಅಂಥದೇ ಒಂದು ಪಾರ್ಲರ್‌ನಲ್ಲಿ. ವ್ಯತ್ಯಾಸ ಇಷ್ಟೇ: ಅವರಿಗೆ ಪಾರ್ಲರ್‌ನಿಂದ ಮುಂದಕ್ಕೆ ಮೆಟ್ಟಿಲುಗಳಿದ್ದವು. ಸಂಸ್ಥೆ ಇತ್ತು, ಗುರು ಇದ್ದರು, ವಯಸ್ಸಿಗೆ ತಕ್ಕ ಟೂರ್ನಿಗಳಿದ್ದವು. ನಮ್ಮ ತಾಲ್ಲೂಕಿನ ಹುಡುಗನಿಗೆ ಪಾರ್ಲರ್ ಎಂಬುದು ಮೊದಲ ಮೆಟ್ಟಿಲೂ ಹೌದು, ಕೊನೆಯ ಮೆಟ್ಟಿಲೂ ಹೌದು. ಮೇಲಕ್ಕೆ ದಾರಿಯಿಲ್ಲದ ಜಾಗದಲ್ಲಿ ಕಾಲಹರಣ ಬಿಟ್ಟು ಇನ್ನೇನು ಬೆಳೆಯುತ್ತದೆ?

ಇನ್ನು ಕೆಲಸದ ವಿಷಯ. ಇಲ್ಲಿ ಆಸೆಯನ್ನು ಉಬ್ಬಿಸಿ ಹೇಳುವುದು ಬೇಡ. ಬಿಲಿಯರ್ಡ್ಸ್ ಒಲಿಂಪಿಕ್ಸ್‌ನಲ್ಲಿ ಇಲ್ಲ. ಏಷ್ಯನ್ ಗೇಮ್ಸ್‌ನಲ್ಲಿ 1998ರಿಂದ 2010ರವರೆಗೆ ಕ್ಯೂ ಕ್ರೀಡೆಗಳಿದ್ದವು, ತ್ರೀ ಕುಷನ್ ಕೂಡ ಇತ್ತು. ಅಡ್ವಾಣಿ 2006 ಮತ್ತು 2010ರಲ್ಲಿ ಚಿನ್ನ ತಂದರು. ಅದರ ಮುಂದಿನ ಕೂಟಗಳಿಂದ ಈ ಕ್ರೀಡೆಗಳನ್ನು ಕೈಬಿಟ್ಟರು. ಪದಕದ ಪಟ್ಟಿಯಲ್ಲಿ ಇಲ್ಲದ ಆಟಕ್ಕೆ ಹಣ ಹರಿಯುವುದಿಲ್ಲ. ಆಟವನ್ನೇ ನಂಬಿ ಹೊಟ್ಟೆ ಹೊರೆಯುವವರು ದೇಶದಲ್ಲೇ ಬೆರಳೆಣಿಕೆ. ಹಾಗಾಗಿ ಪುಸ್ತಕ ಮುಚ್ಚಿಟ್ಟು ಕ್ಯೂ ಹಿಡಿಯಿರಿ ಎಂದು ನಾನು ಯಾರಿಗೂ ಹೇಳಲಾರೆ.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಕೇಂದ್ರ ಸರ್ಕಾರದ ಗ್ರೂಪ್ ‘ಸಿ’ ಹುದ್ದೆಗಳ ನೇರ ನೇಮಕಾತಿಯಲ್ಲಿ ಶೇ 5ರವರೆಗೆ ಕ್ರೀಡಾಪಟುಗಳಿಗೆ ಅವಕಾಶವಿದೆ. ಅದಕ್ಕೆ ಮಾನ್ಯ ಮಾಡಿದ ಕ್ರೀಡೆಗಳ ಪಟ್ಟಿಯಲ್ಲಿ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಇದೆ. ನಮ್ಮ ಕೇರಂ ಇದೆ, ಚೆಸ್ ಇದೆ, ಬಾಲ್ ಬ್ಯಾಡ್ಮಿಂಟನ್ ಕೂಡ ಇದೆ. ರಾಜ್ಯವನ್ನು ರಾಷ್ಟ್ರಮಟ್ಟದಲ್ಲಿ, ದೇಶವನ್ನು ಅಂತರರಾಷ್ಟ್ರೀಯ ಮಟ್ಟದಲ್ಲಿ ಅಥವಾ ವಿಶ್ವವಿದ್ಯಾಲಯವನ್ನು ಅಂತರ ವಿವಿ ಕೂಟದಲ್ಲಿ ಪ್ರತಿನಿಧಿಸಿದ ಅರ್ಹತೆ ಬೇಕು. ಸಾರ್ವಜನಿಕ ವಲಯದ ತೈಲ ಕಂಪನಿಗಳು ಈ ಆಟಗಾರರಿಗೆ ಕೆಲಸ ಕೊಟ್ಟಿವೆ. ಅಡ್ವಾಣಿಯವರೇ ಒಎನ್‌ಜಿಸಿ ಉದ್ಯೋಗಿ. ನಮ್ಮಲ್ಲಿ ಎಷ್ಟು ಮಂದಿ ಈ ಪಟ್ಟಿ ನೋಡಿದ್ದೇವೆ? ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಚಾಂಪಿಯನ್‌ಗಳ ಹೆಸರನ್ನು ಬಾಯಿಪಾಠ ಮಾಡುವ ನಾವು, ಅದೇ ಆಟದಿಂದ ಕೆಲಸ ಸಿಗಬಹುದು ಎಂಬ ಸಾಲನ್ನು ಓದಿರುವುದಿಲ್ಲ.

ಒಂದು ಮೇಜು, ಎರಡು ಗಂಟೆ

ಲಂಡನ್‌ನಿಂದ ಬೆಂಗಳೂರಿನವರೆಗಿನ ಈ ದಾರಿಯನ್ನು ಒಟ್ಟಾಗಿ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಸಾಮ್ರಾಜ್ಯದ ಕ್ಲಬ್ಬಿನಿಂದ ಮೇಜು ಹೊರಬಂದಾಗ ಜೋನ್ಸ್, ಲಾಫೀರ್ ಬಂದರು. ಮನೆ ಹತ್ತಿರದ ಪಾರ್ಲರ್‌ಗೆ ಬಂದಾಗ ಅಡ್ವಾಣಿ ಬಂದರು. ನೌಕರರ ಕ್ಲಬ್ಬಿನಲ್ಲಿ ಹೆಣ್ಣುಮಗಳಿಗೂ ಜಾಗ ಸಿಕ್ಕಾಗ ಉಮಾದೇವಿ ಬಂದರು. ಕೊರಿಯಾ, ವಿಯೆಟ್ನಾಂಗಳ ಬೀದಿಗೆ ಮೇಜು ಬಂದಾಗ ಯುರೋಪಿನವರ ತ್ರೀ ಕುಷನ್ ಕಿರೀಟ ಏಷ್ಯಾಕ್ಕೆ ಬಂತು. ಪ್ರತಿಭೆ ಮೊದಲೂ ಇತ್ತು. ಮೇಜಿನ ಬಳಿ ನಿಲ್ಲಲು ಜಾಗ ಇರಲಿಲ್ಲ, ಅಷ್ಟೇ.

ಹಾಗಾದರೆ ಚಿತ್ರದುರ್ಗ ಜಿಲ್ಲೆಗೆ ಏನು ಬೇಕು? ವಿಶ್ವ ಚಾಂಪಿಯನ್‌ಷಿಪ್ ನಡೆಸುವ ಸಭಾಂಗಣ ಯಾರೂ ಕೇಳುತ್ತಿಲ್ಲ. ಒನಕೆ ಓಬವ್ವ ಕ್ರೀಡಾಂಗಣದ ಒಂದು ಕೋಣೆಯಲ್ಲೋ, ನೌಕರರ ಭವನದಲ್ಲೋ, ಯಾವುದಾದರೂ ಸರ್ಕಾರಿ ಕಾಲೇಜಿನಲ್ಲೋ ಒಂದು ಒಳ್ಳೆಯ ಮೇಜು ಸಾಕು. ಸಂಜೆ ಎರಡು ಗಂಟೆ ವಿದ್ಯಾರ್ಥಿಗಳಿಗೆ ಮೀಸಲಿರಲಿ. ಅದರಲ್ಲಿ ಕೆಲವು ದಿನ ಹುಡುಗಿಯರಿಗೇ ಇರಲಿ. ಮೇಜು ನೋಡಿಕೊಳ್ಳಲು, ಹೇಳಿಕೊಡಲು ಒಬ್ಬರು ಇರಲಿ. ಹಳೆಯ ಮಾರ್ಕರ್‌ನ ಕೆಲಸವೇ ಅದು, ಈ ಸಲ ಗೌರವದೊಂದಿಗೆ. ವರ್ಷಕ್ಕೊಮ್ಮೆ ರಾಜ್ಯ ಸಂಸ್ಥೆಯ ಆಯ್ಕೆ ಟೂರ್ನಿಗೆ ನಾಲ್ಕು ತಾಲ್ಲೂಕಿನಿಂದ ನಾಲ್ವರು ಹುಡುಗ ಹುಡುಗಿಯರು ಹೋಗಿ ಬರಲಿ. ಮೊದಲ ಸುತ್ತಿನಲ್ಲೇ ಸೋತು ಬಂದರೂ ಚಿಂತೆಯಿಲ್ಲ, ಮುಂದಿನವರಿಗೆ ಹೇಳಿಕೊಡಲು ಊರಿನಲ್ಲಿ ಒಬ್ಬರಾದರು.

ಅಲ್ಲಿಯವರೆಗೆ ನಾವೂ ಸುಮ್ಮನಿರಬೇಕಿಲ್ಲ. ನಿಮ್ಮ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರನ್ನು ಕೇಳಿ: ವಿಶ್ವವಿದ್ಯಾಲಯ ಯಾವ ಯಾವ ಆಟಗಳಿಗೆ ತಂಡ ಕಳಿಸುತ್ತದೆ, ಆಯ್ಕೆ ಯಾವಾಗ? ಯುವಜನ ಸೇವೆ ಮತ್ತು ಕ್ರೀಡಾ ಇಲಾಖೆಗೆ ನಾಲ್ಕು ಜನ ಸೇರಿ ಒಂದು ಅರ್ಜಿ ಕೊಡಿ. ಬಿಲಿಯರ್ಡ್ಸ್ ಬೇಡವೆಂದರೆ ಕೇರಂಗಾದರೂ ಕೊಡಿ, ಆ ಪಟ್ಟಿಯಲ್ಲಿ ಅದೂ ಇದೆಯಲ್ಲ. ನಾನು ನನ್ನ ಅರ್ಜಿಯನ್ನು ಬರೆದಿಟ್ಟಿದ್ದೇನೆ. ಹೊಸದುರ್ಗ, ಹಿರಿಯೂರು, ಹೊಳಲ್ಕೆರೆ, ಚಿತ್ರದುರ್ಗದಿಂದ ಒಬ್ಬೊಬ್ಬರು ಸಹಿ ಹಾಕಿದರೂ ನಾಲ್ಕಾಯಿತು, ಸೋಮವಾರ ಕಚೇರಿ ತೆರೆದಾಗ ಕೊಟ್ಟು ಬರಬಹುದು.